ಕಂಠದ ಮಟ್ಟ

ಹೋದ ತಿಂಗಳ ಒಂದು ಭಾನುವಾರ ಊಟವಾದ ಮೇಲೆ ನಮ್ಮ ನಡುಮನೆಯಲ್ಲಿ ಒಂದು ಸಣ್ಣ ಚರ್ಚೆ ಹುಟ್ಟಿತು. ಕಾಲೇಜಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗನು ಚಾರ್ಲ್ಸ್ ಡಿಕನ್ಸನ ‘ಡಾಂಬಿ ಅಂಡ್ ಸನ್’ ಎಂಬ ಕಾದಂಬರಿಯನ್ನು ಓದುತ್ತಿದ್ದನು. ೧೮೪೬ರಿಂದ ೧೮೪೮ರವರೆಗೆ ತಿಂಗಳು ತಿಂಗಳೂ ಬಿಡಿಭಾಗಗಳಾಗಿ ಹೊರಬಂದ ಕಥೆ ಅದು. ಅದರಲ್ಲಿ ಕ್ಯಾಪ್ಟನ್ ಕಟ್ಲ್ ಎಂಬ ಹಳೆಯ ನಾವಿಕನು ಒಂದು ರಾತ್ರಿ ದೀಪವನ್ನು ಹಿಡಿದು ತನ್ನ ಸ್ನೇಹಿತ ಬನ್ಸ್‌ಬಿಯನ್ನು ದಿಟ್ಟಿಸಿ ನೋಡುತ್ತಾನೆ. ನೋಡಿದರೆ ಬನ್ಸ್‌ಬಿಯು ‘ತ್ರೀ ಷೀಟ್ಸ್ ಇನ್ ದಿ ವಿಂಡ್’ ಆಗಿದ್ದಾನೆ. ಹುಡುಗನು ಇದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಹೋಗಿ, “ಅವನ ಮೂರು ದುಪ್ಪಟಿಗಳು ಗಾಳಿಗೆ ಹಾರುತ್ತಿದ್ದುವು, ಅಜ್ಜಿ” ಎಂದನು. ನನ್ನ ತಾಯಿಯವರು ಬತ್ತಿ ಹೊಸೆಯುತ್ತಿದ್ದ ಕೈಯನ್ನು ನಿಲ್ಲಿಸದೆ, “ಒಗೆದು ಹರವಿದ ಮೇಲೆ ತುದಿಗೊಂದು ಗಂಟು ಹಾಕಬೇಕಾಗಿತ್ತಪ್ಪ” ಎಂದರು.

ಹುಡುಗನ ತಪ್ಪು ದೊಡ್ಡದಲ್ಲ. ‘ಷೀಟ್’ ಎಂದರೆ ಹಾಸಿಗೆಯ ಬಟ್ಟೆ ಎಂದು ಶಾಲೆಯಲ್ಲಿ ಕಲಿತವನು, ಹಡಗಿನ ಮೇಲೆ ಆ ಪದಕ್ಕೆ ಬೇರೆ ಅರ್ಥವಿರುವುದನ್ನು ಹೇಗೆ ಬಲ್ಲನು? ಇಂಗ್ಲಿಷರಲ್ಲಿಯೇ ಅನೇಕರು ಅದನ್ನು ಹಾಯಿಯೆಂದು ಭಾವಿಸಿರುವುದುಂಟು. ಅದು ಹಾಯಿಯೂ ಅಲ್ಲ. ಹಾಯಿಯ ಕೆಳಗಣ ಮೂಲೆಯನ್ನು ಬಿಗಿಹಿಡಿದು, ಗಾಳಿಗೆ ತಕ್ಕಂತೆ ಎಳೆಯುವುದಕ್ಕೂ ಸಡಿಲಿಸುವುದಕ್ಕೂ ಇರುವ ಹಗ್ಗ. ಈ ಹಗ್ಗ ಕೈತಪ್ಪಿತೆಂದರೆ ಹಾಯಿಯು ಹಿಡಿತವಿಲ್ಲದೆ ಬಡಿದಾಡುವುದು. ಅಂತಹ ಮೂರು ಹಗ್ಗಗಳು ಒಟ್ಟಿಗೆ ಗಾಳಿಯ ಪಾಲಾದರೆ ಹಡಗು ಅತ್ತಿತ್ತ ತೂರಾಡುತ್ತ ಸಾಗುವುದು. ಮೂಗಿನ ಮಟ್ಟ ಕುಡಿದು ಬೀದಿಯಲ್ಲಿ ತೂರಾಡುವವನಿಗೆ ನಾವಿಕರು ಈ ಹೋಲಿಕೆಯನ್ನು ಕೊಟ್ಟರು. ಅವರಲ್ಲಿ ಇದಕ್ಕೆ ಒಂದು ತರತಮವೂ ಇತ್ತು. ೧೮೮೩ರಲ್ಲಿ ಪುಸ್ತಕರೂಪವಾಗಿ ಬಂದ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಕಥೆಯಲ್ಲಿ ಕುಂಟ ಸಿಲ್ವರನು ಒಂದೇ ಹಗ್ಗವನ್ನು ಗಾಳಿಗೆ ಬಿಟ್ಟವನ ಮಾತನ್ನಾಡುತ್ತಾನೆ. ಒಂದು ಹಗ್ಗ ಬಿಟ್ಟಿದ್ದರೆ ಸ್ವಲ್ಪ ಅಮಲು; ಮೂರು ಬಿಟ್ಟಿದ್ದರೆ ಪೂರ್ಣ ಅಮಲು.

ಇದನ್ನೆಲ್ಲ ನಾನು ವಿವರಿಸಿದ ಮೇಲೆ ನನ್ನ ತಾಯಿಯವರು, “ಕುಡಿದಿದ್ದನು ಎಂಬ ಒಂದು ಮಾತನ್ನು ಹೇಳುವುದಕ್ಕೆ ಸಮುದ್ರದವರೆಗೆ ಹೋಗಬೇಕೇನಪ್ಪ?” ಎಂದು ಕೇಳಿದರು. ಆ ಗಳಿಗೆಯಲ್ಲಿ ನಾನು ನಕ್ಕು ಸುಮ್ಮನಾದೆನು. ಆಮೇಲೆ ಯೋಚಿಸಿದಷ್ಟೂ ಆ ಪ್ರಶ್ನೆಯು ನಗುವಿನಿಂದ ತೀರುವಂತಹದಲ್ಲವೆಂದು ತೋರಿತು. ಈ ತಿಂಗಳ ಬರೆಹ ಅದಕ್ಕೆ ಉತ್ತರ.

ಇಂಗ್ಲಿಷ್ ಭಾಷೆಯಲ್ಲಿ ಮೂರು ಅವಸ್ಥೆಗಳನ್ನು ಹೇಳುವ ನುಡಿಗಟ್ಟುಗಳು ಅಕ್ಕತಂಗಿಯರಂತಿವೆ. ಹೊಟ್ಟೆ ತುಂಬ ಉಂಡವನದು ಒಂದು ಅವಸ್ಥೆ. ಮಿತಿ ಮೀರಿ ಕುಡಿದವನದು ಎರಡನೆಯದು. ಬಾಳಿನ ಯಾವುದೋ ಒಂದು ಕಾಟದಿಂದ ಬೇಸತ್ತುಹೋದವನದು ಮೂರನೆಯದು. ಮೇಲುನೋಟಕ್ಕೆ ಇವುಗಳಿಗೆ ಸಂಬಂಧವಿಲ್ಲ. ಉಂಡವನು ಸುಖಿ, ಕುಡಿದವನು ಮೈಮರೆತವನು, ಬೇಸತ್ತವನು ದುಃಖಿ. ಆದರೆ ಭಾಷೆಯು ಈ ಮೂವರನ್ನೂ ಒಂದೇ ಪಾತ್ರೆಯೆಂದು ಕಾಣುತ್ತದೆ. ಮನುಷ್ಯನೆಂದರೆ ಒಂದು ಕೊಡ. ಹೊಟ್ಟೆ ಅದರ ತಳ, ಗಂಟಲು ಅದರ ಕತ್ತು. ಒಳಗೆ ಹೋದದ್ದು ಅನ್ನವಾಗಲಿ, ಮದ್ಯವಾಗಲಿ, ಸಂಕಟವಾಗಲಿ, ಅದು ಎಷ್ಟರ ಮಟ್ಟಕ್ಕೆ ಏರಿದೆಯೆಂಬುದೇ ನುಡಿಗಟ್ಟಿನ ವಿಷಯ.

ಮೊದಲು ಊಟವನ್ನು ನೋಡೋಣ. ಹೆಚ್ಚು ಉಂಡ ಇಂಗ್ಲಿಷನು ತಾನು ‘ಸ್ಟಫ್ಡ್ ಟು ದಿ ಗಿಲ್ಸ್’ ಎನ್ನುವನು. ‘ಗಿಲ್ಸ್’ ಎಂದರೆ ಮೀನಿನ ಕಿವಿರು. ಮನುಷ್ಯನಿಗೆ ಕಿವಿರೆಲ್ಲಿ? ದವಡೆಯ ಕೆಳಗಣ, ಕಿವಿಯ ಬಳಿಯ ಮಾಂಸಕ್ಕೆ ವಿನೋದವಾಗಿ ಆ ಹೆಸರು. ಅಲ್ಲಿಯವರೆಗೆ ತುರುಕಿದೆ ಎಂದು ಅರ್ಥ. ಇದೇ ಕಿವಿರು ಕುಡುಕನಿಗೂ ಸಲ್ಲುವುದು: ‘ಲೋಡೆಡ್ ಟು ದಿ ಗಿಲ್ಸ್’, ಕಿವಿರಿನವರೆಗೆ ಸರಕು ಹೇರಿದೆ. ಬೇಸತ್ತವನಿಗೂ ಅದೇ ಕಿವಿರು: ‘ಫೆಡ್ ಅಪ್ ಟು ದಿ ಗಿಲ್ಸ್’. ಮಟ್ಟ ಒಂದೇ, ತುಂಬಿದ ಪದಾರ್ಥ ಮಾತ್ರ ಬೇರೆ.

‘ಫುಲ್ ಆಸ್ ಎ ಟಿಕ್’ ಎಂಬುದು ಇನ್ನೊಂದು. ‘ಟಿಕ್’ ಎಂದರೆ ದನದ ಮೈಗೆ ಕಚ್ಚಿಕೊಳ್ಳುವ ಉಣ್ಣಿ. ಹಟ್ಟಿಯನ್ನು ಕಂಡವರಿಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ. ಎಳ್ಳಿನಷ್ಟಿದ್ದ ಹುಳುವು ರಕ್ತವನ್ನು ಹೀರಿ ಹೀರಿ ದ್ರಾಕ್ಷಿಯಂತಾಗಿ, ಚರ್ಮ ಬಿಗಿದು ಮಿರುಗುತ್ತಿರುತ್ತದೆ. ಅಷ್ಟು ಉಂಡವನಿಗೂ ಈ ಮಾತು, ಅಷ್ಟು ಕುಡಿದವನಿಗೂ ಈ ಮಾತು. ಕುಡಿದವನನ್ನು ‘ಟೈಟ್’ ಎಂದು ಕರೆಯುವುದೂ ಹೀಗೆಯೇ ಬಿಗಿದ ಚರ್ಮದ ಚಿತ್ರವನ್ನು ಕಣ್ಣಮುಂದೆ ತರುವುದು. ಈ ‘ಟೈಟು’ ಇಂಗ್ಲೆಂಡಿನಲ್ಲಿಯೇ ಉಳಿಯಲಿಲ್ಲ. ಇಂದು ನಮ್ಮ ಊರುಗಳ ಬೀದಿಯಲ್ಲಿ ‘ಫುಲ್ ಟೈಟ್ ಆಗಿದ್ದಾನೆ’ ಎಂಬ ಮಾತನ್ನು ಇಂಗ್ಲಿಷಿನ ಒಂದಕ್ಷರವನ್ನೂ ಓದದವರು ಕೂಡ ಆಡುತ್ತಾರೆ.

ಆಸ್ಟ್ರೇಲಿಯದವರು ‘ಫುಲ್ ಆಸ್ ಎ ಗೂಗ್’ ಎನ್ನುವರು. ಅವರ ಆಡುಮಾತಿನಲ್ಲಿ ‘ಗೂಗ್’ ಎಂದರೆ ಕೋಳಿಮೊಟ್ಟೆ. ಮೊಟ್ಟೆಯಷ್ಟು ಇಡಿದು ತುಂಬಿದ ವಸ್ತು ಮತ್ತಾವುದಿದೆ? ಆದರೆ ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಒಂದು ಎಚ್ಚರಿಕೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಊಟವಾದ ಮೇಲೆ ಬಡಿಸಬಂದ ಗೃಹಿಣಿಗೆ ‘ಐ ಆಮ್ ಫುಲ್’ ಎಂದರೆ ಹೊಟ್ಟೆ ತುಂಬಿತೆಂಬ ಅರ್ಥವೇನೋ ಆದೀತು. ಆದರೆ ಆ ನಾಡಿನಲ್ಲಿ ‘ಫುಲ್’ ಎಂಬುದು ಕುಡಿದವನ ಹೆಸರೂ ಆಗಿರುವುದರಿಂದ ಪಂಕ್ತಿಯಲ್ಲಿ ಯಾರಾದರೂ ನಕ್ಕಾರು. ‘ನೋ, ಥ್ಯಾಂಕ್ ಯು’ ಎಂಬುದು ಎಲ್ಲಿಯೂ ಅಪಾಯವಿಲ್ಲದ ಮಾತು.

ತುಂಬಿದವನೆಂದರೆ ಕುಡಿದವನು ಎಂಬ ಈ ಅರ್ಥ ಹೊಸದಲ್ಲ. ಸ್ಕಾಟ್ಲೆಂಡಿನ ನುಡಿಯಲ್ಲಿ ‘ಫುಲ್’ ಪದವು ‘ಫೂ’ ಎಂದಾಗಿದೆ. ಅದಕ್ಕೆ ಅಮಲೇರಿದವನು ಎಂದೇ ರೂಢಿಯ ಅರ್ಥ. ರಾಬರ್ಟ್ ಬರ್ನ್ಸ್ ಕವಿಯ ‘ಟ್ಯಾಮ್ ಓ ಶ್ಯಾಂಟರ್’ ಎಂಬ ಕಥನಕವನ ೧೭೯೧ರಲ್ಲಿ ಅಚ್ಚಾಯಿತು. ಅದರ ನಾಯಕನು ಸಂತೆಯ ದಿನ ಗೆಳೆಯರೊಂದಿಗೆ ಹೀಗೆ ‘ಫೂ’ ಆಗುತ್ತ ಕುಳಿತಿರುತ್ತಾನೆ. ಇತ್ತ ಮನೆಯಲ್ಲಿ ಅವನ ಹೆಂಡತಿಯು ಸಿಟ್ಟಿನಿಂದ ದಾರಿ ಕಾಯುತ್ತಿರುತ್ತಾಳೆ. ಈ ಹೆಂಡತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಅವಳ ವಿಷಯಕ್ಕೆ ಮತ್ತೆ ಬರುವೆನು.

ಇನ್ನು ಅಡಿಗೆಮನೆಯಿಂದ ಹೋದ ಪದಗಳು ಕೆಲವಿವೆ. ಕುಡಿದವನು ‘ಪಿಕಲ್ಡ್’, ಎಂದರೆ ಉಪ್ಪಿನಕಾಯಿಯಾದವನು. ‘ಸೌಸ್ಡ್’ ಎಂದರೆ ಉಪ್ಪುನೀರಿನಲ್ಲಿ ಅಥವಾ ಹುಳಿಯಲ್ಲಿ ಅದ್ದಿಟ್ಟವನು. ‘ಸ್ಟ್ಯೂಡ್’ ಎಂದರೆ ಸಣ್ಣ ಉರಿಯಲ್ಲಿ ಬೆಂದವನು. ‘ಸ್ಕಿನ್‌ಫುಲ್’ ಕುಡಿದವನೆಂದರೆ ಒಂದು ತೊಗಲಿನ ತಿತ್ತಿ ತುಂಬುವಷ್ಟು ಕುಡಿದವನು. ಹೋಲಿಕೆಗಳಿಗೂ ಕಾರಣಗಳಿವೆ. ‘ಡ್ರಂಕ್ ಆಸ್ ಎ ಲಾರ್ಡ್’ ಎಂಬುದು ದುಡ್ಡಿದ್ದವನಿಗೆ ಕುಡಿತ ಸುಲಭವೆಂಬುದನ್ನು ಸೂಚಿಸುವುದು. ‘ಡ್ರಂಕ್ ಆಸ್ ಎ ಫಿಡ್ಲರ್’ ಎಂಬ ಮಾತು, ಮದುವೆಯಲ್ಲಿಯೂ ಜಾತ್ರೆಯಲ್ಲಿಯೂ ಪಿಟೀಲು ಬಾರಿಸಿದವನಿಗೆ ಹಣದ ಬದಲು ಲೋಟವನ್ನು ಕೊಡುತ್ತಿದ್ದ ಪದ್ಧತಿಯಿಂದ ಬಂದದ್ದು. ಸೈನಿಕರು ‘ಒನ್ ಓವರ್ ದಿ ಎಯ್ಟ್’ ಎನ್ನುತ್ತಿದ್ದರು: ಎಂಟರ ಮೇಲೊಂದು. ಎಂಟು ಲೋಟ ಬಿಯರನ್ನು ಕುಡಿದರೂ ಮನುಷ್ಯನು ನೆಟ್ಟಗಿರುವನು, ಒಂಬತ್ತನೆಯದೇ ಕೆಡಿಸುವುದು ಎಂದು ಆ ಲೆಕ್ಕ. ತಪ್ಪೆಲ್ಲ ಕೊನೆಯ ಲೋಟದ್ದು. ಮೊದಲಿನ ಎಂಟರದು ಏನೂ ಇಲ್ಲ!

ಇಷ್ಟೊಂದು ಪದಗಳು ಏಕೆ? ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನು ಈ ಪ್ರಶ್ನೆಯನ್ನು ಕೇಳಿಕೊಂಡಿದ್ದನು. ಮಿಂಚನ್ನು ಕುರಿತ ಪ್ರಯೋಗಗಳಿಂದ ಹೆಸರಾಗುವುದಕ್ಕೆ ಬಹಳ ಮುಂಚೆ ಆತನು ಒಬ್ಬ ಮುದ್ರಕನು. ೧೭೨೨ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿಯೇ, ಒಬ್ಬ ವಿಧವೆಯ ಹೆಸರಿನಲ್ಲಿ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ ಕುಡಿತವನ್ನು ಮರೆಮಾಚುವ ಕೆಲವು ಮಾತುಗಳನ್ನು ಸಂಗ್ರಹಿಸಿದ್ದನು. ೧೭೩೭ರಲ್ಲಿ ತನ್ನದೇ ಆದ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯಲ್ಲಿ ‘ಕುಡುಕರ ನಿಘಂಟು’ ಎಂಬ ಹೆಸರಿನಿಂದ ಇನ್ನೂರಕ್ಕೂ ಹೆಚ್ಚು ಮಾತುಗಳನ್ನು ಅಕಾರಾದಿಯಾಗಿ ಅಚ್ಚುಹಾಕಿದನು. ಎಲ್ಲವೂ ಪಾನಗೃಹಗಳಲ್ಲಿ ಕಿವಿಗೆ ಬಿದ್ದ ಮಾತುಗಳೇ ಎಂದು ಆತನ ಹೇಳಿಕೆ.

ಆ ಪಟ್ಟಿಯಲ್ಲಿ ಕುಡಿದವನು ‘ಚುಕ್ಕಾಣಿಯನ್ನು ಕಳೆದುಕೊಂಡವನು’. ‘ಎರಡು ಚಂದ್ರರನ್ನು ಕಾಣುವವನು’. ಇನ್ನೂ ಹೆಚ್ಚಾದರೆ ‘ಚಂದ್ರರ ಹಿಂಡನ್ನೇ ಕಂಡವನು’. ನಾಲಗೆ ತೊದಲುವುದರಿಂದ ಅವನು ‘ಅರಸನ ಇಂಗ್ಲಿಷನ್ನು ಕತ್ತರಿಸಿದವನು’. ಒಬ್ಬನು ‘ಬಾರ್ಬಡೋಸಿಗೆ ಹೋಗಿಬಂದವನು’. ರಮ್ಮು ಆ ದ್ವೀಪದಿಂದ ಬರುತ್ತಿತ್ತು. ಮತ್ತೊಬ್ಬನು ‘ಜಿನೀವಕ್ಕೆ ಹೋಗಿದ್ದವನು’. ಇದೊಂದು ಶ್ಲೇಷೆ: ಜಿನೀವ ಒಂದು ನಗರದ ಹೆಸರು, ಜಿನ್ ಎಂಬ ಮದ್ಯಕ್ಕೂ ಆಗ ಅದೇ ಹೆಸರಿತ್ತು. ನಮ್ಮ ಕೊಡದ ಚಿತ್ರಕ್ಕೆ ಸರಿಯಾಗಿ ‘ಗ್ಲೋಬ್ಯುಲರ್’, ಎಂದರೆ ಉಂಡೆಯಾದವನು, ಎಂಬ ಮಾತೂ ಅದರಲ್ಲಿದೆ. ನಗುತ್ತ ನಗುತ್ತ ಓದುವವನು ಒಂದೆಡೆ ತಟ್ಟನೆ ನಿಲ್ಲಬೇಕಾಗುತ್ತದೆ: ‘ಅವನಿಗೆ ಇದು ಕತ್ತಲೆಯ ದಿನ’.

ಪಟ್ಟಿಗೆ ಮುನ್ನುಡಿಯಾಗಿ ಫ್ರಾಂಕ್ಲಿನ್ನನು ಕೊಟ್ಟಿರುವ ಕಾರಣ ಮನನಕ್ಕೆ ಯೋಗ್ಯವಾದುದು. ಇತರ ದುರ್ಗುಣಗಳು ಯಾವುದಾದರೊಂದು ಸದ್ಗುಣದ ವೇಷವನ್ನು ಧರಿಸಬಲ್ಲವು; ಲೋಭಿಯು ತನ್ನನ್ನು ಮಿತವ್ಯಯಿ ಎಂದುಕೊಳ್ಳುವನು. ಕುಡಿತಕ್ಕೆ ಮಾತ್ರ ಅದನ್ನು ಹೋಲುವ ಸದ್ಗುಣವೊಂದೂ ಇಲ್ಲ. ಹೆಸರನ್ನು ಸಾಲ ತರುವುದಕ್ಕೆ ಮನೆಯಿಲ್ಲದ್ದರಿಂದ ಅದು ಸುತ್ತುಬಳಸಿನ ಮಾತುಗಳ ಹಿಂದೆ ಅಡಗಬೇಕಾಗಿ ಬಂದಿದೆ. ಇದು ಆತನ ವಾದದ ಸಾರಾಂಶ. ನನ್ನ ತಾಯಿಯವರ ಪ್ರಶ್ನೆಗೆ ಉತ್ತರ ಇದೇ: ‘ಕುಡಿದಿದ್ದಾನೆ’ ಎನ್ನಲಾರದವರು ಸಮುದ್ರದವರೆಗೆ ಹೋಗುತ್ತಾರೆ. ಕನ್ನಡದವರಾದ ನಾವು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ ಇದ್ದೇವೆಂದು ಕಾಣುತ್ತದೆ. ‘ಗುಂಡು’, ‘ಎಣ್ಣೆ’ ಎಂಬ ಮರೆಮಾತುಗಳು ನಮ್ಮಲ್ಲಿಯೂ ಉಂಟು. ಅದು ಸಾಲದೆ ‘ತೀರ್ಥ’ ಎಂದೂ ಹೇಳುತ್ತೇವೆ. ಫ್ರಾಂಕ್ಲಿನ್ನನು ಅಸಾಧ್ಯವೆಂದುಕೊಂಡಿದ್ದ ಸಾಲವನ್ನು ನಾವು ದೇವಾಲಯದಿಂದಲೇ ತಂದಿದ್ದೇವೆ.

ಈ ನಿಘಂಟುಕಾರನು ಸ್ವತಃ ಮಿತಾಹಾರಿ. ೧೭೨೫ರ ಸುಮಾರಿನಲ್ಲಿ ಆತನು ಲಂಡನ್ನಿನ ಅಚ್ಚುಕೂಟಗಳಲ್ಲಿ ಕೆಲಸಮಾಡುತ್ತಿದ್ದಾಗ ನೀರನ್ನು ಮಾತ್ರ ಕುಡಿಯುತ್ತಿದ್ದನು. ಅದಕ್ಕಾಗಿ ಜೊತೆಯವರು ಅವನಿಗೆ ‘ನೀರಿನ ಅಮೆರಿಕದವನು’ ಎಂದು ಹೆಸರಿಟ್ಟಿದ್ದರು. ಅವನ ಪಕ್ಕದ ಕೆಲಸಗಾರನು ದಿನಕ್ಕೆ ಆರು ಪೈಂಟು ಬಿಯರನ್ನು ಕುಡಿಯುತ್ತಿದ್ದನು: ಬೆಳಗಿನ ಉಪಾಹಾರಕ್ಕೆ ಮುಂಚೆ ಒಂದು, ಉಪಾಹಾರದೊಂದಿಗೆ ಒಂದು, ಅದಾದ ಮೇಲೆ ಊಟಕ್ಕೆ ಮೊದಲು ಒಂದು, ಊಟಕ್ಕೆ ಒಂದು, ಸಂಜೆ ಆರರ ಹೊತ್ತಿಗೆ ಒಂದು, ಕೆಲಸ ಮುಗಿದ ಮೇಲೆ ಒಂದು. ಕೆಲಸಕ್ಕೆ ಬಲ ಬರಬೇಕಾದರೆ ಬಲವಾದ ಬಿಯರ್ ಬೇಕೆಂದು ಅವನ ನಂಬಿಕೆ. ಬಿಯರಿನ ಬಲವೆಲ್ಲ ಅದರಲ್ಲಿ ಕರಗಿದ ಬಾರ್ಲಿಯ ಬಲವಲ್ಲವೆ, ಒಂದು ಪೆನ್ನಿಯ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಹಿಟ್ಟಿದೆಯಲ್ಲ ಎಂದು ಫ್ರಾಂಕ್ಲಿನ್ನನು ವಾದಿಸಿದನು. ಅಷ್ಟೇ ಅಲ್ಲ, ಇತರರು ಎರಡು ಕೈಯಿಂದ ಒಂದು ಅಚ್ಚಿನ ಚೌಕಟ್ಟನ್ನು ಹೊರುತ್ತಿದ್ದ ಮೆಟ್ಟಿಲಿನಲ್ಲಿ ತಾನು ಕೈಗೊಂದರಂತೆ ಎರಡನ್ನು ಹೊತ್ತು ತೋರಿಸಿದನು. ಆದರೂ ಆ ಜೊತೆಗಾರನು ಪ್ರತಿ ಶನಿವಾರ ತನ್ನ ಕೂಲಿಯಿಂದ ನಾಲ್ಕೈದು ಷಿಲಿಂಗುಗಳನ್ನು ಆ ಲೋಟಗಳಿಗೆ ತೆರುತ್ತಲೇ ಇದ್ದನು.

ಆ ಕಾಲದ ಲಂಡನ್ನಿನಲ್ಲಿ ಬಿಯರಿಗಿಂತ ಘೋರವಾದದ್ದು ಜಿನ್. ೧೭೫೧ರಲ್ಲಿ ಚಿತ್ರಕಾರ ಹೋಗಾರ್ತನು ‘ಜಿನ್ ಲೇನ್’ ಎಂಬ ಚಿತ್ರವನ್ನು ಕೆತ್ತಿ ಅಚ್ಚುಹಾಕಿಸಿದನು. ಅದರ ನಡುವೆ ಮೆಟ್ಟಿಲಿನ ಮೇಲೆ ಒಬ್ಬ ತಾಯಿ ಕುಳಿತಿದ್ದಾಳೆ. ಅಮಲಿನಲ್ಲಿ ಅವಳು ನಶ್ಯದ ಚಿಟಿಕೆಯನ್ನು ತೆಗೆದುಕೊಳ್ಳುತ್ತಿದ್ದಾಳೆ. ಅವಳ ತೋಳಿನಿಂದ ಜಾರಿದ ಹಸುಗೂಸು ಕಟಾಂಜನವನ್ನು ದಾಟಿ ಕೆಳಕ್ಕೆ ಬೀಳುತ್ತಿದೆ. ಅದೇ ವರ್ಷ ಪಾರ್ಲಿಮೆಂಟು ಜಿನ್ನಿನ ಮಾರಾಟವನ್ನು ಬಿಗಿಗೊಳಿಸುವ ಶಾಸನವನ್ನು ಮಾಡಿತು. ‘ಜಿನೀವಕ್ಕೆ ಹೋಗಿದ್ದಳು’ ಎಂದರೆ ನಗು ಬರುವುದು. ಚಿತ್ರವನ್ನು ನೋಡಿದರೆ ಬಾರದು. ಇದಾದ ಎಷ್ಟೋ ಕಾಲದ ಮೇಲೆ, ಅಮೆರಿಕದಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿರೋಧ ಜಾರಿಯಲ್ಲಿದ್ದಾಗ, ವಿಮರ್ಶಕ ಎಡ್ಮಂಡ್ ವಿಲ್ಸನ್ನನು ೧೯೨೭ರಲ್ಲಿ ಕುಡಿತವನ್ನು ಹೇಳುವ ಸುಮಾರು ನೂರು ಪದಗಳನ್ನು ಪಟ್ಟಿಮಾಡಿದನು. ಕಾನೂನು ಮದ್ಯದ ಬಾಗಿಲನ್ನು ಮುಚ್ಚಿದ್ದರೂ ಪದಗಳ ಅಂಗಡಿ ತೆರೆದೇ ಇತ್ತು.

ಇನ್ನು ಮೂರನೆಯ ಅವಸ್ಥೆ. ‘ಫೆಡ್ ಅಪ್’ ಎಂಬ ಮಾತನ್ನು ಇಂಗ್ಲಿಷ್ ಓದಿದ ನಮ್ಮ ಮಕ್ಕಳು ದಿನಕ್ಕೆ ಹತ್ತು ಸಲ ಆಡುತ್ತಾರೆ. ಅದರ ರಚನೆಯನ್ನು ಗಮನಿಸಿರುವವರು ವಿರಳ. ‘ಫೀಡ್’ ಎಂದರೆ ಉಣಿಸು. ‘ಫೀಡ್ ಅಪ್’ ಎಂದರೆ ಹಂದಿ ಕೋಳಿಗಳನ್ನು ಕೊಬ್ಬುವಂತೆ ಮೇಯಿಸು. ‘ಐ ಆಮ್ ಫೆಡ್ ಅಪ್’ ಎಂದರೆ ಅಕ್ಷರಶಃ ‘ನಾನು ಮೇಲಿನವರೆಗೂ ಉಣಿಸಲ್ಪಟ್ಟಿದ್ದೇನೆ’. ಇದು ಕರ್ಮಣಿ ಪ್ರಯೋಗ. ಉಂಡವನು ತಾನಾಗಿ ಉಣ್ಣಲಿಲ್ಲ; ಯಾರೋ ಉಣಿಸಿದರು, ಬೇಡವೆಂದರೂ ಉಣಿಸಿದರು. ಬೇಸರದ ಒಳಗುಟ್ಟನ್ನು ಇಷ್ಟು ಚಿಕ್ಕದಾಗಿ ಹೇಳಿದ ಮಾತು ಅಪರೂಪ.

ಈ ಮಾತು ೧೮೯೯ರಿಂದ ೧೯೦೨ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದ ಸುಮಾರಿನಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿ ಹಬ್ಬಿತು. ೧೯೧೪–೧೮ರ ಮಹಾಯುದ್ಧದಲ್ಲಿ ಎಲ್ಲರ ಮಾತಾಯಿತು. ವಿಚಾರಮಾಡಿದರೆ ಇದು ವಿಚಿತ್ರ. ಕಂದಕದಲ್ಲಿದ್ದ ಸೈನಿಕನಿಗೆ ಮೃಷ್ಟಾನ್ನವೇನೂ ಇರಲಿಲ್ಲ. ಡಬ್ಬಿಯ ಗೋಮಾಂಸ, ಹಲ್ಲಿಗೆ ಜಗ್ಗದ ಬಿಸ್ಕತ್ತು, ಪ್ಲಮ್ ಮತ್ತು ಸೇಬಿನ ಜಾಮು, ಇಂದೂ ಅದೇ, ನಾಳೆಯೂ ಅದೇ. ಅವನಿಗೆ ತುಂಬಿಬಂದದ್ದು ಹೊಟ್ಟೆಯಲ್ಲ. ಅದೇ ಕೆಸರು, ಅದೇ ಕಾಯುವಿಕೆ, ಅದೇ ಆಜ್ಞೆಗಳನ್ನು ದಿನದಿನವೂ ಉಣಿಸಿಕೊಂಡು ಅವನು ತುಂಬಿಹೋಗಿದ್ದನು. ಆದುದರಿಂದ ಬೇಸರಕ್ಕೆ ಕಾರಣ ಹೆಚ್ಚಳವೇ ಆಗಬೇಕೆಂದಿಲ್ಲ. ಅಲ್ಪವಾದದ್ದಾದರೂ ಬಿಡುವಿಲ್ಲದೆ ಬಂದರೆ ಸಾಕು. ಈ ತುಂಬುವಿಕೆಗೂ ಮಟ್ಟಗಳಿವೆ. ‘ಫೆಡ್ ಅಪ್ ಟು ದಿ ಬ್ಯಾಕ್ ಟೀತ್’ ಎಂದರೆ ಹಿಂದಣ ದವಡೆಹಲ್ಲಿನವರೆಗೆ. ‘ಅಪ್ ಟು ಹಿಯರ್’ ಎನ್ನುವಾಗ ಇಂಗ್ಲಿಷರು ಅಂಗೈಯನ್ನು ಗಂಟಲಿಗೆ ಅಡ್ಡವಾಗಿ ಹಿಡಿದು ತೋರಿಸುವರು. ಇನ್ನೊಂದು ತುತ್ತು ಹಾಕಿದರೆ ಹೊರಕ್ಕೆ ಬರುವುದೆಂದು ಅರ್ಥ.

ಇದೇ ಭಾವನೆಯ ‘ದಿ ಲಾಸ್ಟ್ ಸ್ಟ್ರಾ’ ಎಂಬ ಪ್ರಸಿದ್ಧವಾದ ಮಾತು, ಭಾರ ಹೊತ್ತ ಒಂಟೆಯ ಬೆನ್ನನ್ನು ಮುರಿಯುವ ಕೊನೆಯ ಹುಲ್ಲುಕಡ್ಡಿ, ನಮ್ಮ ಹುಡುಗನು ಓದುತ್ತಿದ್ದ ‘ಡಾಂಬಿ ಅಂಡ್ ಸನ್’ ಪುಸ್ತಕದ ಮೊದಲ ಭಾಗದಲ್ಲಿಯೇ ಇದೆ. ಕೊನೆಯ ಕಡ್ಡಿಗೆ ತೂಕವಿಲ್ಲ. ಅದನ್ನು ಹಾಕಿದವನು, ‘ನಾನೇನು ಮಾಡಿದೆ, ಒಂದು ಕಡ್ಡಿಯನ್ನು ಇಟ್ಟೆನಷ್ಟೆ’ ಎಂದು ಬೆರಗಾಗುವನು. ಒಂಬತ್ತನೆಯ ಲೋಟವನ್ನು ಬಯ್ಯುವ ಸೈನಿಕನ ಲೆಕ್ಕವೂ ಇದೇ ಅಲ್ಲವೆ?

ಉಂಡವನು, ಕುಡಿದವನು, ಬೇಸತ್ತವನು ಒಂದೇ ಎಂಬುದು ಕೇವಲ ಆಡುಮಾತಿನ ವಿನೋದವಲ್ಲ. ಪದಗಳ ಬೇರಿನಲ್ಲಿಯೇ ಇದೆ. ದುಃಖಿತನೆಂಬ ಅರ್ಥದಲ್ಲಿ ನಾವೆಲ್ಲರೂ ಬಲ್ಲ ‘ಸ್ಯಾಡ್’ ಎಂಬ ಇಂಗ್ಲಿಷ್ ಪದಕ್ಕೆ ಸಾವಿರ ವರ್ಷದ ಹಿಂದೆ ‘ಹೊಟ್ಟೆ ತುಂಬಿದವನು, ಸಾಕಾದವನು’ ಎಂದು ಅರ್ಥವಿತ್ತು. ತುಂಬಿದವನು ಭಾರವಾದನು, ಭಾರವಾದವನು ಗಂಭೀರನಾದನು, ಗಂಭೀರನು ಕಡೆಗೆ ದುಃಖಿತನಾದನು. ಅದರ ಜ್ಞಾತಿಯಾದ ಜರ್ಮನ್ ‘ಸಾಟ್’ ಪದಕ್ಕೆ ಇಂದಿಗೂ ಹೊಟ್ಟೆ ತುಂಬಿದೆ ಎಂದೇ ಅರ್ಥ. ಬೇಸತ್ತಿದ್ದೇನೆ ಎನ್ನುವುದಕ್ಕೂ ಅವರು ಅದೇ ಪದವನ್ನು ಬಳಸುವರು. ಡಚ್ಚರ ‘ಜಾಟ್’ ಇನ್ನೂ ಕೌತುಕಕರ: ಬೇಕಾದಷ್ಟು ಇದೆ ಎನ್ನುವುದಕ್ಕೂ, ಕುಡಿದಿದ್ದಾನೆ ಎನ್ನುವುದಕ್ಕೂ, ಬೇಸತ್ತಿದ್ದೇನೆ ಎನ್ನುವುದಕ್ಕೂ ಒಂದೇ ಪದ. ಲ್ಯಾಟಿನ್ನಿನ ‘ಸಾಟಿಸ್’, ಎಂದರೆ ಸಾಕು ಎಂಬ ಪದವೂ ಇದೇ ಕುಲದ್ದು. ತೃಪ್ತಿಪಡಿಸುವುದನ್ನು ಹೇಳುವ ‘ಸ್ಯಾಟಿಸ್‌ಫೈ’ ಅದರ ಮಗಳು. ಮನೆಯ ಆಸ್ತಿಯನ್ನು ಹೇಳುವ ‘ಅಸೆಟ್ಸ್’ ಅದರ ಮೊಮ್ಮಗಳು. ‘ಅಸೆಟ್ಸ್’ ಎಂದರೆ ಮೊದಲಿಗೆ ಇಷ್ಟೇ ಅರ್ಥ: ಸಾಲವನ್ನು ತೀರಿಸುವುದಕ್ಕೆ ಸಾಕಾಗುವಷ್ಟು. ಹೀಗೆ ಸಾಕೆಂಬ ಒಂದೇ ಬೇರಿನಿಂದ ತೃಪ್ತಿಯೂ ಆಸ್ತಿಯೂ ಅಮಲೂ ದುಃಖವೂ ಚಿಗುರಿವೆ.

ನಮ್ಮ ‘ಸಾಕು’ ಎಂಬ ಪದವೂ ಕಡಿಮೆಯದಲ್ಲ. ಎಲೆಯ ಮೇಲೆ ಕೈಯನ್ನು ಅಡ್ಡ ಹಿಡಿದು ‘ಸಾಕು’ ಎಂದರೆ ತೃಪ್ತಿ. ನಿಟ್ಟುಸಿರಿಟ್ಟು ‘ಸಾಕಾಯಿತು’ ಎಂದರೆ ಬೇಸರ. ಮಗುವನ್ನು ‘ಸಾಕಿದಳು’ ಎಂದರೆ ಉಣಿಸಿ ಬೆಳೆಸಿದಳು. ಉಣಿಸುವುದೂ ತೃಪ್ತಿಯೂ ಬೇಸರವೂ ಒಂದೇ ಧ್ವನಿಯಲ್ಲಿ ನಮ್ಮ ಕಿವಿಗೆ ಬೀಳುತ್ತವೆ. ‘ಕಂಠಪೂರ್ತಿ’ ಎಂಬ ಮಾತನ್ನು ಉಂಡವನಿಗೂ ಕುಡಿದವನಿಗೂ ಹೇಳುತ್ತೇವೆ. ಮಟ್ಟವನ್ನು ಗಂಟಲಿನಲ್ಲಿಯೇ ಗುರುತಿಸಿದ್ದೇವೆ.

ದೋಷವಿರುವುದೂ ಅಲ್ಲಿಯೇ ಎಂದು ನನಗೆ ತೋರುತ್ತದೆ. ಈ ನುಡಿಗಟ್ಟುಗಳಲ್ಲಿ ಹೆಚ್ಚಿನವು ಕಿವಿರು, ದವಡೆ, ಗಂಟಲುಗಳ ಮಟ್ಟವನ್ನು ಹೇಳುತ್ತವೆ. ಮಿತಿ ಮೀರಿದ ಮೇಲಿನ ಮಾತುಗಳು ಇವು. ಮಿತಿಗೆ ಬಂದು ನಿಂತವನನ್ನು ವರ್ಣಿಸುವುದಕ್ಕೆ ಇಷ್ಟು ಉತ್ಸಾಹ ಯಾರಿಗೂ ಬಂದಿಲ್ಲ. ಕುಡಿದವನಿಗೆ ಇನ್ನೂರು ಹೆಸರುಗಳಿದ್ದ ಪಟ್ಟಿಯಲ್ಲಿ, ಎರಡನೆಯ ಲ���ಟಕ್ಕೆ ಎದ್ದು ಮನೆಗೆ ಹೋದವನಿಗೆ ಹೆಸರಿಲ್ಲ.

ಇಂಗ್ಲೆಂಡಿನ ಹಡಗುಗಳ ಕಥೆಯೊಂದು ಇದಕ್ಕೆ ಸರಿಯಾದ ದೃಷ್ಟಾಂತ. ಹಡಗಿನ ಒಡೆಯರು ಲಾಭದ ಆಸೆಯಿಂದ ಮಿತಿಮೀರಿ ಸರಕು ಹೇರುತ್ತಿದ್ದುದರಿಂದ ಅನೇಕ ನಾವಿಕರು ಪ್ರಾಣವನ್ನು ಕಳೆದುಕೊಳ್ಳುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯಲ್ ಪ್ಲಿಮ್‌ಸಾಲನು ಹೋರಾಡಿ, ೧೮೭೬ರ ಶಾಸನದಿಂದ ಪ್ರತಿಯೊಂದು ಹಡಗಿನ ಹೊರಮೈಗೂ ಒಂದು ಗೆರೆಯನ್ನು ಬರೆಸಿದನು. ಆ ಗೆರೆ ನೀರಿನಲ್ಲಿ ಮುಳುಗುವಷ್ಟು ಭಾರವನ್ನು ಹೇರಕೂಡದು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಆ ಶಾಸನ ಒಡೆಯನ ಇಷ್ಟಕ್ಕೇ ಬಿಟ್ಟಿತ್ತು. ಗೆರೆಯ ಸ್ಥಾನವನ್ನು ಕಾನೂನೇ ನಿರ್ಧರಿಸುವುದಕ್ಕೆ ೧೮೯೦ ಬರಬೇಕಾಯಿತು. ಹೇರುವವನೇ ಗೆರೆಯನ್ನು ಎಳೆದರೆ ಅದು ಕಂಠದ ಮಟ್ಟದಲ್ಲಿಯೇ ಇರುವುದು. ಎಂಟು ಲೋಟದವರೆಗೆ ತಪ್ಪಿಲ್ಲವೆನ್ನುವವನು ಎಳೆದ ಗೆರೆ ಇದೇ.

ಈಗ ಟ್ಯಾಮನ ಹೆಂಡತಿಯ ವಿಷಯ. ಅತ್ತ ಪಾನಗೃಹದಲ್ಲಿ ಒಂದು ಕೊಡ ತುಂಬುತ್ತಿರುವಾಗ ಇತ್ತ ಮನೆಯಲ್ಲಿ ಇನ್ನೊಂದು ಕೊಡ ತುಂಬುತ್ತಿರುತ್ತದೆ. ಕುಡಿದವನ ಕೊಡಕ್ಕೆ ಇನ್ನೂರು ತಮಾಷೆಯ ಹೆಸರುಗಳುಂಟು. ಕಾಯುವವಳ ಕೊಡಕ್ಕೆ ಅವು ಇಲ್ಲ. ಗಂಡನು ‘ಸ್ವಲ್ಪ ತೀರ್ಥ ತೆಗೆದುಕೊಂಡಿದ್ದಾನೆ’ ಎಂದು ನೆಂಟರು ನಗುವಾಗ ಆ ನಗುವನ್ನೂ ಅವಳು ನುಂಗಬೇಕು. ಅದೂ ಅವಳಿಗೆ ಉಣಿಸಿದ ಒಂದು ತುತ್ತೇ. ಕುಡಿತ ಒಂದೇ ಅಲ್ಲ. ಮನೆಯಲ್ಲಿ ದಿನವೂ ಒಬ್ಬರ ಮೇಲೆಯೇ ಬೀಳುವ ಕೆಲಸ, ಪ್ರತಿ ಊಟಕ್ಕೂ ಅದೇ ಕೊಂಕುಮಾತು, ಪ್ರತಿ ತಿಂಗಳೂ ಅದೇ ಹಣದ ರಗಳೆ, ಇವೆಲ್ಲ ಅಂತಹ ತುತ್ತುಗಳೇ. ‘ಸಾಕಪ್ಪ’ ಎಂದು ಒಬ್ಬರು ಮೆಲ್ಲನೆ ಹೇಳಿದಾಗ ಉಳಿದವರು ಕೇಳಿಸಿಕೊಂಡರೆ ಕೊಡ ಅರ್ಧದಲ್ಲಿಯೇ ನಿಲ್ಲುವುದು. ಕೇಳಿಸಿಕೊಳ್ಳದಿದ್ದರೆ ಒಂದು ದಿನ ಹುಲ್ಲುಕಡ್ಡಿಯಂತಹ ಕಾರಣಕ್ಕೆ ಬೆನ್ನು ಮುರಿಯುವುದು.

ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಗಾದೆ. ಜ್ಞಾನದ ಮಟ್ಟಿಗೆ ಅದು ನಿಜ. ಸಂಕಟದ ಕೊಡ ತುಳುಕದಿದ್ದರೆ, ಅದರಲ್ಲಿ ಇನ್ನೂ ಜಾಗವಿದೆಯೆಂದು ಯಾರೂ ತಿಳಿಯಬಾರದು.

ಬರೆದದ್ದನ್ನು ಓದಿ ಹೇಳಿದಾಗ ನನ್ನ ತಾಯಿಯವರು ಕೊನೆಯವರೆಗೂ ಕೇಳಿದರು. “ನಾವು ಬಡಿಸುವಾಗ ಎಲೆಯನ್ನು ನೋಡುವುದಿಲ್ಲ, ಉಣ್ಣುವವರ ಮುಖವನ್ನು ನೋಡುತ್ತೇವೆ. ಕೈ ಅಡ್ಡ ಬರುವುದಕ್ಕೆ ಮುಂಚೆಯೇ ಮುಖ ಸಾಕೆಂದಿರುತ್ತದೆ” ಎಂದರು. ಹುಡುಗನು ಪುಸ್ತಕವನ್ನು ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತು, “ಅಜ್ಜಿ, ಬನ್ಸ್‌ಬಿ ಕುಡಿದಿದ್ದನು” ಎಂದು ಕಥೆಯನ್ನು ಮುಂದುವರಿಸಿದನು.